ಸೀತುವಿನ ಹಾಜರಿ

ಸುಳ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ನವಾಝ್ ಆ ದಿನ ಬೆಳಿಗ್ಗೆಯಿಂದ ಒಂದೇ ನಂಬರಿಗೆ ಏಳು ಸಲ ಕರೆ ಮಾಡಿದ್ದ. ಏಳು ಸಲವೂ ಒಂದು ಹೆಂಗಸಿನ ಸ್ವರ, ನೀವು ಕರೆ ಮಾಡಿದವರು ಸದ್ಯ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಒಂದೇ ರಾಗದಲ್ಲಿ ಹೇಳಿತ್ತು. ನಂಬರು ಅವನ ನೆಂಟರದ್ದಲ್ಲ. ಅರಂತೋಡಿನ ಸೀತುವಿನದ್ದು. ಆದರೆ ಆ ಫೋನನ್ನು ಮಾರಿದವನು ಅವನು, ಅದಕ್ಕೆ ಪರದೇಶದ ರೋಮಿಂಗ್ ಪ್ಯಾಕ್ ಹಾಕಿಕೊಟ್ಟವನು ಅವನು, "ಸೀತಕ್ಕಾ, ವಿಮಾನ ಇಳಿದ ಮೇಲೆ ಆನ್ ಮಾಡಿದ್ರೆ ಸಾಕು, ಇಲ್ಲಿದ್ದ ಹಾಗೆಯೇ ಮಾತಾಡ್ಬಹುದು" ಎಂದು ಮಾತು ಕೊಟ್ಟವನೂ ಅವನೇ.

ವಿಮಾನ ಇಳಿದದ್ದು ನಮ್ಮ ಗಂಟೆಯಲ್ಲಿ ಒಂಬತ್ತಕ್ಕೆ. ಈಗ ಹನ್ನೊಂದಾಗುತ್ತಾ ಬಂದಿತ್ತು.

ಸೀತುವಿಗೆ ಐವತ್ತಾರು ವರ್ಷ. ಬಾಣಂತಿಯನ್ನೂ ಕೂಸನ್ನೂ ಮೀಯಿಸುವುದರಲ್ಲಿ ಸಂಪಾಜೆಯಿಂದ ಪುತ್ತೂರಿನವರೆಗೆ ಅವಳಿಗೆ ಹೆಸರುಂಟು. ಇಪ್ಪತ್ತೆಂಟು ವರ್ಷದ ಹಿಂದೆ ಪುತ್ತೂರಿನ ಒಂದು ಮನೆಯಲ್ಲಿ ಅವಳು ಕಾಲ ಮೇಲೆ ಮಲಗಿಸಿ ಮೀಯಿಸಿದ ಕೂಸು ಚಿನ್ಮಯೀ. ಆ ಹುಡುಗಿ ಈಗ ಗಂಡ ಕಿಶನ್ ಜೊತೆ ಸಿಂಗಾಪುರದಲ್ಲಿದ್ದಾಳೆ, ಚೊಚ್ಚಲ ಬಸುರಿ. ತಾಯಿ ತೀರಿಹೋಗಿದ್ದಾರೆ. ಬಾಣಂತನಕ್ಕೆ ಸೀತುವೇ ಆಗಬೇಕು, ಬೇರೆ ಯಾರೂ ಬೇಡ ಎಂದು ಹಟ ಹಿಡಿದು ಟಿಕೆಟ್, ವೀಸಾ ಎಲ್ಲ ಮಾಡಿಸಿ ಕಳಿಸಿದ್ದಳು. ಸೀತು ಅದಕ್ಕಿಂತ ಮೊದಲು ವಿಮಾನ ಹತ್ತಿದವಳಲ್ಲ. ಮಡಿಕೇರಿ ದಾಟಿ ಆಚೆ ಹೋದದ್ದೂ ಎರಡೋ ಮೂರೋ ಸಲ.

ಫೋನು ತೆಗೆದುಕೊಳ್ಳಲು ಬಂದ ದಿನ ನವಾಝ್ ಅವಳಿಗೆ ಟಚ್ ಫೋನನ್ನೇ ತೋರಿಸಿದ್ದ. ಸೀತು ತೋರುಬೆರಳಿನಿಂದ ಗಾಜಿನ ಮೇಲೆ ನಾಲ್ಕು ಸಲ ಒತ್ತಿದಳು. ಫೋನು ಮಿಸುಕಲಿಲ್ಲ. ಮೂವತ್ತು ವರ್ಷ ಬಿಸಿನೀರಿನಲ್ಲಿ, ಎಣ್ಣೆಯಲ್ಲಿ ಬೆಂದ ಬೆರಳಿನ ತುದಿ ಗಟ್ಟಿಯಾಗಿತ್ತು. "ಇದಕ್ಕೆ ನನ್ನ ಕೈ ಗುರ್ತವೇ ಇಲ್ಲ" ಎಂದು ನಕ್ಕು ಅವಳು ಕೀಪ್ಯಾಡಿನ ಫೋನನ್ನೇ ಆರಿಸಿಕೊಂಡಳು. ಫೋರ್‌ಜಿಯದ್ದು, ಹೊಸದು. ವಾಟ್ಸಾಪ್ ಇಲ್ಲ. ಮೆನು ಎಲ್ಲ ಕನ್ನಡದಲ್ಲಿ ಬರುವ ಹಾಗೆ ನವಾಝ್ ಮಾಡಿಕೊಟ್ಟಿದ್ದ.

ಎದುರಿನ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಸಮನ್ವಿತಾ, ಸೀತುವಿನ ಮಗಳು, ರಸ್ತೆ ದಾಟಿ ಬಂದು ನಿಂತಾಗ ಅವನಿಗೆ ಅವಳ ಮುಖ ನೋಡಲು ಕಷ್ಟವಾಯಿತು. ಅವಳು ಇದ್ದ ವಿಷಯವನ್ನು ನಿಧಾನವಾಗಿ ಹೇಳಿದಳು. ಚಿನ್ಮಯೀಗೆ ದಿನ ತುಂಬುವ ಮೊದಲೇ ಬೆಳಿಗ್ಗೆ ನೋವು ಬಂದು ಕಿಶನ್ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದಾನೆ. ಅಮ್ಮನನ್ನು ಕರೆತರಲು ಶಶಾಂಕ ಎಂಬ ಸ್ನೇಹಿತನನ್ನು ಕಳಿಸಿದ್ದಾನೆ. ಶಶಾಂಕ ಎರಡು ಗಂಟೆಯಿಂದ ವಿಮಾನ ನಿಲ್ದಾಣದಲ್ಲಿ ಹೆಸರು ಬರೆದ ಕಾಗದ ಹಿಡಿದು ನಿಂತಿದ್ದಾನೆ, ಅಂಥವರು ಯಾರೂ ಹೊರಗೆ ಬರಲಿಲ್ಲ ಎನ್ನುತ್ತಾನೆ. ಮೈಕಿನಲ್ಲಿ ಕೂಗಿಸಿಯೂ ಆಯಿತು. ಆಗಿನಿಂದ ಕಿಶನ್‌ನ ಫೋನೂ ಸಿಗುತ್ತಿಲ್ಲ, ಹೆರಿಗೆ ಕೋಣೆಯ ಒಳಗೆ ಹೋಗಿರಬೇಕು.

"ಅಮ್ಮನ ಫೋನಿಗೆ ಎಂತ ಆದದ್ದು ನವಾಝಣ್ಣ? ಅದೊಂದು ಸಿಕ್ಕಿದ್ರೆ ಎಲ್ಲಿದ್ದೇನೆ ಅಂತ ಅವಳೇ ಹೇಳ್ತಿದ್ದಳು."

ನವಾಝ್ ಕಂಪೆನಿಯ ಗ್ರಾಹಕ ಸೇವೆಗೆ ಮತ್ತೊಮ್ಮೆ ಕರೆ ಮಾಡಿದ. ಒಂದು ಒತ್ತಿ, ಎರಡು ಒತ್ತಿ, ಕಾಯಿರಿ. ಕಡೆಗೆ ಸಿಕ್ಕಿದವರು ಪ್ಯಾಕ್ ಚಾಲೂ ಉಂಟು, ನಮ್ಮ ಕಡೆಯಿಂದ ಎಲ್ಲ ಸರಿ ಉಂಟು ಎಂದು ಹೇಳಿ, ಬೇರೆ ಏನಾದರೂ ಸಹಾಯ ಬೇಕೇ ಎಂದು ಕೇಳಿದರು. ಅವನು ಅಂಗಡಿಯ ಒಳಗೆ ಹೋದ, ಹೊರಗೆ ಬಂದ. ಸಿಮ್ ಕೇಳಿಕೊಂಡು ಬಂದವರನ್ನು ಮಧ್ಯಾಹ್ನ ಬನ್ನಿ ಎಂದು ಕಳಿಸಿದ. ಕವರು ಹಾಕಲು ಕೊಟ್ಟ ಯಾರದೋ ಫೋನಿಗೆ ತಪ್ಪು ಕವರು ಹಾಕಿ, ಅದನ್ನು ಪುನಃ ಕಿತ್ತ.

ಆಗ ನೆನಪಾದವನು ರಿತೇಶ್. ಪುತ್ತೂರಿನವನು, ನವಾಝ್‌ನ ಜೊತೆ ಪಾಲಿಟೆಕ್ನಿಕ್ ಓದಿದವನು, ಈಗ ಟವರ್‌ಗಳ ಕೆಲಸ ನೋಡಿಕೊಳ್ಳುವ ಇಂಜಿನಿಯರ್. ಅವನು ಆ ದಿನ ಸಂಪಾಜೆಯ ಮೇಲಿನ ಗುಡ್ಡದಲ್ಲಿ ಟವರ್ ರಿಪೇರಿಗೆ ಹೋಗಿದ್ದ. ಮೂರನೆಯ ಸಲಕ್ಕೆ ಫೋನು ತೆಗೆದ. ಜನರೇಟರ್ ಸದ್ದು ಜೋರಾಗಿತ್ತು. ನವಾಝ್ ಸ್ಪೀಕರ್ ಹಾಕಿ ಫೋನನ್ನು ಕೌಂಟರಿನ ಮೇಲೆ ಇಟ್ಟ. ಸಮನ್ವಿತಾ ಹತ್ತಿರ ಬಗ್ಗಿ ನಿಂತಳು.

ಸಿಂಗಾಪುರ ಎಂದು ಕೇಳಿದ ಕೂಡಲೇ ರಿತೇಶ್ ಹೇಳಿದ, "ಅಲ್ಲಿ ಟೂಜಿ, ತ್ರೀಜಿ ಎರಡೂ ಬಂದ್ ಆಗಿದೆ ಮಾರಾಯ. ಹಿಂದೆ ರೋಮಿಂಗ್ ಅಂದ್ರೆ ಆ ಊರಿನ ಎಕ್ಸ್‌ಚೇಂಜೇ ಕರೆಯನ್ನು ಹಿಡಿದು ಕೊಡ್ತಾ ಇತ್ತು. ಈಗ ಹಾಗಲ್ಲ. ಮಾತು ಸಹ ಇಂಟರ್‌ನೆಟ್ಟಿನಲ್ಲಿ ತುಂಡು ತುಂಡಾಗಿ ಹೋಗುದು. ಅಲ್ಲಿಯ ಟವರ್ ದಾರಿ ಬಿಟ್ಟುಕೊಡುದು ಮಾತ್ರ. ಕರೆ ಕೂಡಿಸುದು ಇಲ್ಲಿ, ನಮ್ಮ ದೇಶದಲ್ಲಿ ಕೂತಿರುವ ಐಎಂಎಸ್."

"ಅದೆಂತದು?"

"ಶಾಲೆಯ ಹಾಜರಿ ಪುಸ್ತಕ ಅಂತ ತಿಳ್ಕೊ. ಫೋನು ಯಾವ ದೇಶದಲ್ಲೇ ಇರ್ಲಿ, ಆನ್ ಆದ ಕೂಡ್ಲೇ ಇಂಟರ್‌ನೆಟ್ ದಾರಿಯಲ್ಲಿ ಬಂದು ಇಲ್ಲಿ ಹಾಜರಿ ಹಾಕ್ಬೇಕು. ಹಾಕಿದ್ರೆ ನೀನು ಕರೆ ಮಾಡುವಾಗ ಇವರು ಇಂಥ ಕಡೆ ಸಿಗ್ತಾರೆ ಅಂತ ಅದಕ್ಕೆ ಗೊತ್ತಾಗುದು. ಮಾತು, ವಿಡಿಯೋ ಎಲ್ಲ ಅಲ್ಲಿಂದಲೇ ಆಚೆ ಹೋಗುದು. ಹಾಜರಿ ಇಲ್ಲದಿದ್ರೆ ಫೋನಿನಲ್ಲಿ ಸಿಗ್ನಲ್ ಕಡ್ಡಿ ಎಷ್ಟಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ." ಅವನು ಯಾರಿಗೋ ಜನರೇಟರ್ ಆಫ್ ಮಾಡಲು ಕೂಗಿ ಹೇಳಿ, ಮತ್ತೆ ಕೇಳಿದ. "ಫೋನಿನಲ್ಲಿ ವೋಲ್ಟೆ ಆನ್ ಉಂಟಲ್ಲ? ಅದು ಆಫ್ ಇದ್ರೆ ಫೋನು ಹಾಜರಿ ಹಾಕ್ಲಿಕ್ಕೆ ಬರುದೇ ಇಲ್ಲ."

ನವಾಝ್‌ಗೆ ಆಗ ನೆನಪಾಯಿತು. ಎಂಟು ದಿನದ ಹಿಂದೆ ಸೀತು ಅಂಗಡಿಗೆ ಬಂದಿದ್ದಳು. ಮನೆಯಲ್ಲಿ ಮಾತಾಡುವಾಗ ಸ್ವರ ತುಂಡಾಗುತ್ತದೆ, ಬಾವಿಯ ಒಳಗಿನಿಂದ ಮಾತಾಡಿದ ಹಾಗೆ ಕೇಳುತ್ತದೆ ಎಂದಿದ್ದಳು. ಅವಳ ಮನೆ ಇರುವ ತಗ್ಗಿನಲ್ಲಿ ಫೋರ್‌ಜಿ ಸರಿಯಾಗಿ ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಅವನು ಫೋನು ತೆಗೆದುಕೊಂಡು ಅದರಲ್ಲಿ ವೋಲ್ಟೆ ಎಂಬುದನ್ನು ಆಫ್ ಮಾಡಿ, ಕರೆಗಳು ಹಳೆಯ ನೆಟ್‌ವರ್ಕಿನಲ್ಲೇ ಹೋಗುವ ಹಾಗೆ ಮಾಡಿ ವಾಪಸ್ ಕೊಟ್ಟಿದ್ದ. ಹತ್ತು ಸೆಕೆಂಡಿನ ಕೆಲಸ. ಮರುದಿನ ಅವಳು ದಾರಿಯಲ್ಲಿ ಸಿಕ್ಕಿ, ಈಗ ಸ್ವರ ಗಂಟೆಯ ಹಾಗೆ ಕೇಳುತ್ತದೆ ಎಂದು ಸಂತೋಷಪಟ್ಟಿದ್ದಳು. ಹೊರಡುವ ಮೊದಲು ಅದನ್ನು ಪುನಃ ಆನ್ ಮಾಡಬೇಕಿತ್ತು. ಅವನು ಮರೆತ.

ಸಮನ್ವಿತಾ ಅವನನ್ನೇ ನೋಡುತ್ತಿದ್ದಳು.

"ಉಂಟು" ಎಂದ ನವಾಝ್. "ಆನ್ ಉಂಟು."

ಹಾಗಾದರೆ ಕಂಪೆನಿ ಕಡೆಯಲ್ಲೇ ಏನೋ ಅಡ್ಡಿ ಇರಬೇಕು, ನೆಟ್‌ವರ್ಕ್ ಕೇಂದ್ರದಲ್ಲಿ ನನಗೆ ಪರಿಚಯದವರಿದ್ದಾರೆ, ನಂಬರು ಕೊಡು, ಕೇಳಿ ನೋಡುತ್ತೇನೆ ಎಂದು ಹೇಳಿ ರಿತೇಶ್ ಫೋನಿಟ್ಟ.

ಆಮೇಲಿನ ಒಂದು ಗಂಟೆ ನವಾಝ್‌ಗೆ ಹೇಗೆ ಕಳೆಯಿತೋ ಗೊತ್ತಿಲ್ಲ. ಸುಳ್ಳು ಹೇಳಬೇಕೆಂದು ಅವನು ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತ್ತು. ಈಗ ಅದನ್ನು ವಾಪಸ್ ನುಂಗುವ ದಾರಿ ಹುಡುಕುತ್ತಿದ್ದ. ರಿತೇಶನಿಗೆ ಗುಟ್ಟಾಗಿ ಫೋನು ಮಾಡಿ ಹೇಳೋಣ ಎಂದುಕೊಂಡರೆ ಸಮನ್ವಿತಾ ಅಲ್ಲಿಂದ ಕದಲುತ್ತಿರಲಿಲ್ಲ. ಅವಳು ಕೌಂಟರಿನ ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎರಡು ನಿಮಿಷಕ್ಕೊಮ್ಮೆ ಅಮ್ಮನಿಗೆ, ಕಿಶನ್‌ಗೆ, ಶಶಾಂಕನಿಗೆ ಎಂದು ಸರದಿಯಲ್ಲಿ ಕರೆ ಮಾಡುತ್ತಿದ್ದಳು. ಒಮ್ಮೆ ಅವಳು ಎದ್ದು ಬಂದು, ಮೂತ್ರಕ್ಕೆ ಹೋಗಬೇಕಾದರೂ ಯಾರಲ್ಲಿ ಕೇಳುವುದೆಂದು ಗೊತ್ತಾಗದೆ ಅಮ್ಮ ಕೂತಿರಬಹುದು ಎಂದಳು. ಮನೆಯಿಂದ ಅವನ ತಾಯಿ, ಉಮ್ಮ ಮೈಮೂನಮ್ಮ, ಊಟಕ್ಕೆ ಕರೆದರು. ಹಸಿವಿಲ್ಲ ಎಂದ. ಕುಡಿಯಲು ತರಿಸಿದ ಚಾ ಕೆನೆಗಟ್ಟಿ ಅಲ್ಲೇ ಉಳಿಯಿತು.

ಹನ್ನೆರಡೂವರೆಗೆ ರಿತೇಶ್ ಕರೆ ಮಾಡಿದ. ಈ ಸಲ ಅವನ ಸ್ವರ ಗಡುಸಾಗಿತ್ತು.

"ನೋಡು, ಆ ನಂಬರು ಸಿಂಗಾಪುರದ ನೆಟ್‌ವರ್ಕಿಗೆ ಸೇರಿದೆ. ಒಂಬತ್ತೂಕಾಲಿನಿಂದ ಅಲ್ಲೇ ಉಂಟು, ಡೇಟಾದ ದಾರಿಯೂ ತೆರೆದಿದೆ. ನಮ್ಮ ಕಡೆ ಅಡ್ಡಿ ಇಲ್ಲ, ಅವರ ಕಡೆಯೂ ಇಲ್ಲ. ಆದ್ರೆ ಐಎಂಎಸ್‌ಗೆ ಆ ಫೋನು ಒಂದು ಸಲ ಕೂಡ ಬರ್ಲಿಲ್ಲ. ಬಂದು ಬೇಡ ಅನ್ನಿಸಿಕೊಂಡದ್ದಲ್ಲ, ಬರ್ಲೇ ಇಲ್ಲ. ಫೋನೇ ಕೇಳ್ತಾ ಇಲ್ಲ ಮಾರಾಯ. ನೀನು ಸರಿಯಾಗಿ ನೆನಪು ಮಾಡು."

ನವಾಝ್ ಸಮನ್ವಿತಾಳ ಕಡೆ ತಿರುಗಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಾನೇ ಆಫ್ ಮಾಡಿದ್ದು" ಎಂದ. "ಹೋದ ವಾರ. ಮನೆಯಲ್ಲಿ ಸ್ವರ ಸರಿ ಕೇಳುದಿಲ್ಲ ಅಂತ ಸೀತಕ್ಕ ಬಂದಿದ್ರು. ಆಗ ಆಫ್ ಮಾಡಿದೆ, ಆಮೇಲೆ ಮರೆತೆ. ರಿತೇಶ್ ಮೊದಲು ಕೇಳಿದಾಗಲೇ ನೆನಪಾಗಿತ್ತು ನನಗೆ. ನಿನ್ನ ಎದುರು ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಸಮನ್ವಿತಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಒಂದು ಗಂಟೆ ಹೋಯ್ತು ನವಾಝಣ್ಣ, ನೀವು ಉಂಟು ಅಂತ ಹೇಳಿ" ಎಂದಳು. ಆಮೇಲೆ ಕೌಂಟರಿನ ಮೇಲಿದ್ದ ಫೋನಿಗೆ ಬಗ್ಗಿ, "ಈಗ ಎಂತ ಮಾಡುದು, ಅದನ್ನು ಹೇಳಿ" ಎಂದು ರಿತೇಶನನ್ನೇ ಕೇಳಿದಳು.

ರಿತೇಶ್ ಯೋಚಿಸಿ ಹೇಳಿದ. ಕರೆ ಹೋಗಲು ಐಎಂಎಸ್ ಆಗಲೇಬೇಕು. ಆದರೆ ಎಸ್ಸೆಮ್ಮೆಸ್ಸಿಗೆ ಇನ್ನೊಂದು ಹಳೆಯ ದಾರಿ ಉಂಟು, ಹಾಜರಿ ಇಲ್ಲದೆಯೂ ಹೋಗುತ್ತದೆ. ಅಲ್ಲಿಯ ಕಂಪೆನಿ ಆ ದಾರಿಯನ್ನು ಇನ್ನೂ ಮುಚ್ಚದಿದ್ದರೆ ಮೆಸೇಜ್ ತಲುಪೀತು. ವೋಲ್ಟೆ ಆನ್ ಮಾಡುವುದು ಹೇಗೆಂದು ಬರೆದು ಕಳಿಸಿ ನೋಡಿ.

ಸಮನ್ವಿತಾ ತಲೆ ಅಲ್ಲಾಡಿಸಿದಳು. ಅಮ್ಮನಿಗೆ ಕನ್ನಡ ಓದಲು ಬರುತ್ತದೆ. ಆದರೆ ಮೆಸೇಜು ಎಂದರೆ ಬರೀ ಜಾಹೀರಾತು ಎಂದು ಅವಳ ಲೆಕ್ಕ. ಒಂದನ್ನೂ ತೆರೆದವಳಲ್ಲ. ಟಿಂಗ್ ಎಂದರೆ ಫೋನನ್ನು ಸೆರಗಿನ ಗಂಟಿನೊಳಗೆ ಇನ್ನೂ ಆಳಕ್ಕೆ ತುರುಕುತ್ತಾಳೆ.

"ಒಂದು ಸಲ ಟಿಂಗ್ ಅಂದ್ರೆ ತುರುಕ್ತಾರೆ. ನಲ್ವತ್ತು ಸಲ ಅಂದ್ರೆ?" ಎಂದ ನವಾಝ್.

ಸಮನ್ವಿತಾ ಅವನ ಮುಖ ನೋಡಿದಳು. "ನಲ್ವತ್ತು ಸಲ ಅಂದ್ರೆ ಹಾಳಾಗಿದೆ ಅಂತ ಹತ್ತಿರ ಇದ್ದವರಿಗೆ ತೋರಿಸ್ತಾಳೆ."

ಹಾಗಾದರೆ ಮೆಸೇಜನ್ನು ಸೀತುವಿಗೆ ಬರೆಯುವುದಲ್ಲ, ಅವಳು ಯಾರಿಗೆ ತೋರಿಸುತ್ತಾಳೋ ಅವರಿಗೆ ಬರೆಯಬೇಕು. ಇಂಗ್ಲಿಷಿನಲ್ಲಿ. ಆದರೆ ಬರೆಯಲು ಕೂತಾಗ ನವಾಝ್‌ಗೆ ಇನ್ನೊಂದು ತೊಡಕು ಕಂಡಿತು. ಆ ಫೋನಿನ ಮೆನು ಕನ್ನಡದಲ್ಲಿತ್ತು. ಸಿಂಗಾಪುರದಲ್ಲಿ ಯಾರು ಅದನ್ನು ಓದುತ್ತಾರೆ? ಅವನು ಕಪಾಟಿನಿಂದ ಅದೇ ಮಾಡೆಲಿನ ಹೊಸ ಫೋನಿನ ಪೆಟ್ಟಿಗೆ ತೆಗೆದು, ಸೀಲು ಹರಿದು, ಬ್ಯಾಟರಿ ಹಾಕಿ, ಮೆನುವನ್ನು ಕನ್ನಡಕ್ಕೆ ತಿರುಗಿಸಿದ. ಒಂದೊಂದೇ ಗುಂಡಿ ಒತ್ತುತ್ತಾ ಹೋದ. ಎಡಗಡೆಯ ಗುಂಡಿ ಒಂದು ಸಲ. ಕೆಳಗೆ ಎರಡು, ಬಲಕ್ಕೆ ಒಂದು, ನಡುವಿನ ಗುಂಡಿ. ಕೆಳಗೆ ನಾಲ್ಕು, ನಡುವಿನ ಗುಂಡಿ. ಕೆಳಗೆ ಒಂದು, ನಡುವಿನ ಗುಂಡಿ. ಸಮನ್ವಿತಾ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡಳು. ಎರಡನೆಯ ಸಲ ಮಾಡಿ ನೋಡುವಾಗ ನಾಲ್ಕಲ್ಲ, ಐದು ಎಂದು ಗೊತ್ತಾಯಿತು. ಸಮನ್ವಿತಾ ಫೋನನ್ನು ಅವನ ಕೈಯಿಂದ ತೆಗೆದುಕೊಂಡು ಮೂರನೆಯ ಸಲ ತಾನೇ ಒತ್ತಿ ನೋಡಿದಳು. ಐದೇ.

ಮೆಸೇಜು ಸಿದ್ಧವಾಯಿತು. ಈ ಫೋನು ಹಿಡಿದ ಮಹಿಳೆ ಸೀತು, ಇವರಿಗೆ ಇಂಗ್ಲಿಷ್ ಬರುವುದಿಲ್ಲ, ದಯವಿಟ್ಟು ಈ ಗುಂಡಿಗಳನ್ನು ಹೀಗೆ ಒತ್ತಿ, ಆಮೇಲೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕೆಳಗೆ ಕನ್ನಡದಲ್ಲಿ ಒಂದು ಸಾಲು ಸಮನ್ವಿತಾ ಸೇರಿಸಿದಳು: ಅಮ್ಮ, ಇದು ನಾನೇ, ಫೋನನ್ನು ಇವರ ಕೈಗೆ ಕೊಡು.

ಇಬ್ಬರೂ ತಮ್ಮ ತಮ್ಮ ಫೋನಿನಿಂದ ಅದನ್ನೇ ಕಳಿಸತೊಡಗಿದರು. ಮೊದಲನೆಯದು ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಎರಡನೆಯದು, ಮೂರನೆಯದು. ಆರನೆಯದನ್ನು ಕಳಿಸುವಾಗ ನವಾಝ್‌ನ ಫೋನಿಗೆ ಮೊದಲನೆಯ ಮೆಸೇಜು ತಲುಪಿದೆ ಎಂಬ ವರದಿ ಬಂತು. ಅವನು ಅದನ್ನು ಸಮನ್ವಿತಾಳಿಗೆ ತೋರಿಸಿದ. ಇಬ್ಬರೂ ಕಳಿಸುತ್ತಲೇ ಹೋದರು. ಬಸ್ ಸ್ಟ್ಯಾಂಡಿನಲ್ಲಿ ಕಡಬದ ಬಸ್ಸು ಹಾರನ್ ಹಾಕಿ ಹೊರಟಿತು. ಮಡಿಕೇರಿಯಿಂದ ಬಂದ ಬಸ್ಸಿನವರು ನೀರು ಕೇಳಲು ಬಂದರು. ಹದಿನೆಂಟು, ಹತ್ತೊಂಬತ್ತು. ಇಪ್ಪತ್ತಾರನೆಯದಕ್ಕೆ ಸಮನ್ವಿತಾ ನಿಲ್ಲಿಸಿದಳು. ಫೋನನ್ನು ಕಿವಿಗೆ ಹಿಡಿದು ಅಮ್ಮನ ನಂಬರಿಗೆ ಕರೆ ಮಾಡಿದಳು. ಅದೇ ಹೆಂಗಸು, ಅದೇ ರಾಗ.

ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಅದೇ.

ನವಾಝ್ ಕೌಂಟರು ಹಾರಿ ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತ. ನಿಲ್ಲಲಾಗದೆ ಪೇಟೆಯ ಕಡೆ ನಾಲ್ಕು ಅಂಗಡಿಯವರೆಗೆ ನಡೆದ, ತಿರುಗಿ ಬಂದ. ಸೀತುವಿನ ಮಾತು ಅರ್ಥವಾಗುವವರು ಅಲ್ಲಿ ಯಾರಾದರೂ ಸಿಗಬಹುದೇ ಎಂದು ಕೇಳಿದ. ರಬ್ಬರ್ ತೋಟದ ತಮಿಳರ ಕಾಲನಿಯಲ್ಲಿ ಎಷ್ಟೋ ಬಾಣಂತನ ಮಾಡಿ ಅಮ್ಮನಿಗೆ ತಮಿಳು ಬರುತ್ತದೆ ಎಂದು ಸಮನ್ವಿತಾ ಹೇಳುತ್ತಿದ್ದಾಗಲೇ ಅವಳ ಬೆರಳು ಪುನಃ ನಂಬರನ್ನು ಒತ್ತಿತ್ತು. ಮಾತು ಅರ್ಧಕ್ಕೇ ನಿಂತಿತು. ಅವಳು ಕೈ ಎತ್ತಿದಳು.

ರಿಂಗ್ ಆಗುತ್ತಿತ್ತು.

ಎರಡು, ಮೂರು. ಅವಳು ಸ್ಪೀಕರ್ ಹಾಕಿದಳು.

"ಯಾರು?" ಎಂದಿತು ಸೀತುವಿನ ಸ್ವರ. ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ವಚ್ಛವಾಗಿ ಕೇಳಿತು.

"ಅಮ್ಮ, ಎಲ್ಲಿದ್ದೀ?"

"ಎಲ್ಲಿ ಅಂದ್ರೆ? ಹೊರಗೆ ಬಂದ ಮೇಲೆ ಬಾಗಿಲಿನ ಹತ್ತಿರ ಕೂತುಕೋ, ಯಾರು ಕರೆದ್ರೂ ಹೋಗ್ಬೇಡ ಅಂತ ನೀವೆಲ್ಲ ಹೇಳಿದ್ರಲ್ಲ. ಅಲ್ಲೇ ಕೂತಿದ್ದೇನೆ. ಎಷ್ಟು ಹೊತ್ತು ಕೂರುದು?"

ಸಮನ್ವಿತಾ ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನವಾಝ್‌ಗೆ ತಿಳಿಯಲಿಲ್ಲ. ಸೀತುವೇ ಮಾತು ಮುಂದುವರಿಸಿದಳು. ನೆಲ ಒರೆಸುವ ಒಬ್ಬ ತಮಿಳು ಹೆಂಗಸು ಸಿಕ್ಕಿದ್ದಾಳಂತೆ, ಒಳ್ಳೆಯವಳಂತೆ. ತನ್ನ ಫೋನು ಹಕ್ಕಿಯ ಹಾಗೆ ಕೂಗಲು ಶುರು ಮಾಡಿದ್ದನ್ನು ನೋಡಿ ಅವಳೇ ಕೈಯಿಂದ ತೆಗೆದುಕೊಂಡು, ಅದರಲ್ಲಿ ಬಂದದ್ದನ್ನು ಓದಿ ಏನೋ ಒತ್ತಿದಳಂತೆ. ಫೋನು ಆ ಹೆಂಗಸಿನ ಕೈಗೆ ಹೋಯಿತು. ಇದು ಎಷ್ಟನೆಯ ಟರ್ಮಿನಲ್ ಎಂದು ಅವಳು ಹೇಳಿದಳು. ಶಶಾಂಕ ಬೆಳಿಗ್ಗೆಯಿಂದ ನಿಂತದ್ದು ಬೇರೆಯದರಲ್ಲಿ. ಕಿಶನ್ ಅವಸರದಲ್ಲಿ ತಪ್ಪು ಹೇಳಿದ್ದ.

ಇಪ್ಪತ್ತು ನಿಮಿಷದಲ್ಲಿ ಶಶಾಂಕನೇ ಕರೆ ಮಾಡಿ, ಸೀತಕ್ಕ ನನ್ನ ಜೊತೆ ಇದ್ದಾರೆ, ಮನೆಗೆ ಬೇಡ, ಸೀದಾ ಆಸ್ಪತ್ರೆಗೇ ಕರೆದುಕೊಂಡು ಹೋಗು ಅನ್ನುತ್ತಿದ್ದಾರೆ ಎಂದ. ಸಂಜೆ ಐದಕ್ಕೆ ಚಿನ್ಮಯೀಗೆ ಹೆಣ್ಣು ಮಗು ಹುಟ್ಟಿತು.

ಸಮನ್ವಿತಾ ಸ್ಟೂಲನ್ನು ಅದರ ಜಾಗದಲ್ಲಿ ಇಟ್ಟು, ಬರ್ತೇನೆ ಎಂದಷ್ಟೇ ಹೇಳಿ ರಸ್ತೆ ದಾಟಿ ಹೋದಳು. ನವಾಝ್‌ಗೆ ಆಮೇಲೂ ಕೂರಲಾಗಲಿಲ್ಲ. ಆ ವರ್ಷ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋದವರ ಹೆಸರುಗಳನ್ನು ತೆಗೆದು ಒಬ್ಬೊಬ್ಬರಿಗೇ ಕರೆ ಮಾಡತೊಡಗಿದ. ನಿಮ್ಮ ಫೋನಿನಲ್ಲಿ ವೋಲ್ಟೆ ಆನ್ ಉಂಟಾ, ನೋಡಿ ಹೇಳಿ. ಬಹರೈನ್‌ನಲ್ಲಿರುವ ಅಲಿ ಕುಂಞಿ, ನಿನಗೆ ಬೇರೆ ಕೆಲಸ ಇಲ್ಲವಾ ಎಂದು ಕೇಳಿದ. ಆದರೂ ನೋಡಿದ.

ಸೀತು ಎರಡೂವರೆ ತಿಂಗಳ ಮೇಲೆ ಬಂದಳು. ಬಂದ ಮೂರನೆಯ ದಿನವೇ ಅಂಗಡಿಗೆ ಹತ್ತಿ ಬಂದು ಸ್ಟೂಲಿನ ಮೇಲೆ ಕೂತಳು. ಮಗಳು ಎಲ್ಲವನ್ನೂ ಹೇಳಿದ್ದಾಳೆ ಎಂದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ನವಾಝ್ ಕೈಯಲ್ಲಿದ್ದ ಕೆಲಸ ಬಿಟ್ಟು, ತಪ್ಪಾಯ್ತು ಸೀತಕ್ಕ ಎಂದ.

"ಮರೆತದ್ದಕ್ಕೆ ನಾನು ಎಂತದೂ ಹೇಳುದಿಲ್ಲ" ಎಂದಳು ಸೀತು. "ನಾನೂ ಮರೀತೇನೆ. ಆದ್ರೆ ಹಂಡೆಯ ನೀರು ಬಿಸಿ ಹೆಚ್ಚಾಗಿದ್ರೆ ನಾನು ಮೊದಲು ಬಾಯಿಬಿಟ್ಟು ಹೇಳ್ತೇನೆ, ನೀರು ಬಿಸಿ ಉಂಟು, ಯಾರೂ ಮುಟ್ಬೇಡಿ ಅಂತ. ಕಾಯಿಸಿದವಳು ನಾನೇ ಅಂತ ನಾಚಿ ಸುಮ್ಮನೆ ಕೂತ್ರೆ, ಇನ್ನೊಬ್ಬರು ಅದನ್ನೇ ಕೂಸಿಗೆ ಹೊಯ್ತಾರೆ."

ನವಾಝ್ ತಲೆಯಾಡಿಸಿದ. ಆಮೇಲೆ ಅವಳು ಚಿನ್ಮಯೀಯ ಕೂಸಿನ ಕೂದಲು ಎಷ್ಟು ದಟ್ಟ, ನೀರು ಬಿದ್ದ ಕೂಡಲೇ ಹೇಗೆ ನಿದ್ದೆ ಹೋಗುತ್ತದೆ ಎಂಬುದನ್ನೆಲ್ಲ ಅರ್ಧ ಗಂಟೆ ಹೇಳಿ ಎದ್ದು ಹೋದಳು.

ಸಮನ್ವಿತಾ ಈಗ ರೀಚಾರ್ಜಿಗೆ ಬಸ್ ಸ್ಟ್ಯಾಂಡಿನ ಆಚೆ ಬದಿಯ ಅಂಗಡಿಗೆ ಹೋಗುತ್ತಾಳೆ. ಎದುರು ಸಿಕ್ಕಿದರೆ ಮಾತಾಡಿಸುತ್ತಾಳೆ, ಉಮ್ಮ ಹೇಗಿದ್ದಾರೆ ಎಂದು ಕೇಳುತ್ತಾಳೆ. ಅವಳು ಅಂಗಡಿಯ ಮುಂದೆಯೇ ದಾಟಿ ಹೋಗುವಾಗ ನವಾಝ್ ಪ್ರತಿಸಲವೂ ತಲೆ ಎತ್ತಿ ನೋಡುತ್ತಾನೆ.